ಗಂಟು ಬಿಚ್ಚದೆ ಹೇಳಿದ ಗುಣ

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ದರ್ಜಿಯ ಹತ್ತಿರ ಜನ ಬಟ್ಟೆ ತರಬೇಕು, ಬಟ್ಟೆ ಒಯ್ಯಬೇಕು. ನನ್ನ ಹತ್ತಿರ ಮಾತ್ರ ವಾರಕ್ಕೊಬ್ಬರಾದರೂ ಬೇರೆ ಏನನ್ನೋ ಹಿಡಿದು ಬರುತ್ತಾರೆ. ವಸ್ತು ಮುಟ್ಟಿ ಅದರ ಒಡೆಯನ ಗುಟ್ಟು ಹೇಳುವ ವಿದ್ಯೆ ನನಗಿದೆಯೆಂದು ಸುದ್ದಿ. ನನಗಿಲ್ಲ. ಯಾರಿಗೂ ಇಲ್ಲ ಎಂದೇ ನಂಬಿದ್ದೆ. ಆದರೆ ಇದೇ ಹುಚ್ಚಿನಿಂದ ನನ್ನ ಮಗಳ ಮದುವೆ ಮುರಿದು ಬೀಳುವುದರಲ್ಲಿತ್ತು.

ಮಾಸ್ತರರ ಅಂಗಿ

ಎಲ್ಲ ಶುರುವಾದದ್ದು ಯಂಕಂಚಿಯ ಒಬ್ಬ ಮಾಸ್ತರರಿಂದ. ಗುಂಡಿ ಹಚ್ಚಿಸಲು ಅಂಗಿ ಕೊಟ್ಟರು. ಕೈಗೆ ತೆಗೆದುಕೊಂಡವನೇ, "ಬಲಗಡಿ ಭುಜಾ ಭಾಳ ನೋಯ್ತೈತೇನ್ರಿ ಸರ್?" ಎಂದೆ.

ಮಾಸ್ತರರು ಕುರ್ಚಿ ಹಿಡಿದುಕೊಂಡು ಕುಳಿತರು. "ನಿಮಗ ಹೆಂಗ ಗೊತ್ತಾತು? ನಮ್ಮ ಮನ್ಯಾಗೂ ಹೇಳಿಲ್ಲ!"

ಅಂಗಿಯ ಬಲ ಭುಜ ನೋವಿನೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಅದನ್ನೇ ಹೇಳಿದೆ. ಅವರು ನಂಬಲಿಲ್ಲ. "ಶಕ್ತಿ ಇದ್ದವರು ಹಿಂಗ ಮುಚ್ಚಿ ಇಡ್ತಾರ," ಎಂದು ಕೈಮುಗಿದು ಹೋದರು, ಊರೆಲ್ಲ ಸಾರಿದರು.

ಅವರು ಸಾಲಿಯಲ್ಲಿ ಕಲಿಸುವುದು ವಿಜ್ಞಾನ.

ಎಮ್ಮೆಯ ಹಗ್ಗ

ಆಮೇಲೆ ಇಂಡಿ ಕಡೆಯ ಒಬ್ಬ ರೈತ ಬಂದು ಯಂತ್ರದ ಮೇಲೆ ಒಂದು ಹಗ್ಗ ಇಟ್ಟ.

"ಇದನ್ನ ಹೊಲಿಯಾಕ ಬರಂಗಿಲ್ರಿ," ಎಂದೆ.

"ಹೊಲಿಯೋದು ಬ್ಯಾಡ್ರಿ. ನಮ್ಮ ಎಮ್ಮಿ ಹಗ್ಗ. ಮೊನ್ನಿಂದ ಎಮ್ಮಿ ಇಲ್ಲ. ಯಾ ಕಡಿ ಹೋಗೇತಿ, ಮುಟ್ಟಿ ಹೇಳ್ರಿ."

ಎಷ್ಟು ಹೇಳಿದರೂ ಆಸಾಮಿ ಏಳಲೊಲ್ಲ. ಹಿಂದೆ ನಾಲ್ಕು ಗಿರಾಕಿ ನಿಂತಿದ್ದರು. ಪೀಡೆ ಹೋಗಲಿ ಎಂದು "ಮೂಡಲಕ್ಕ" ಎಂದೆ. ಎರಡು ದಿನ ಬಿಟ್ಟು ತಂಬಿಗೆ ಹಾಲು ಹಿಡಿದು ಬಂದ.

"ಮೂಡಲದಾಗ ಸಿಕ್ತೇನ್ರಿ?" ನನಗೇ ಅಚ್ಚರಿ.

"ಇಲ್ರಿ, ಪಡುವಲದಿಂದ ತಾನ ಬಂತು. ನಾ ಮನ್ಯಾಗ ಇದ್ರ ಹೊಡೀತೇನಿ ಅಂತ ಅದಕ್ಕ ಅಂಜಿಕಿ. ಅದು ನಿಮಗ ಗೊತ್ತಾಗೇ ನನ್ನ ಮೂಡಲಕ್ಕ ಕಳಿಸಿದ್ರಲ್ಲ!"

ಹಾಲು ಗಟ್ಟಿಯಾಗಿತ್ತು. ನಾನು ವಾದ ಮಾಡಲಿಲ್ಲ.

ಗಂಡನ ಪ್ಯಾಂಟು

ಮುದ್ದೇಬಿಹಾಳದ ಹೆಣ್ಣುಮಗಳೊಬ್ಬಳು ಗಂಡನ ಪ್ಯಾಂಟು ತಂದಳು. "ಕರಿದದ್ದು ತಿನ್ನಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ನಮ್ಮವರು ಕೇಳಾಕತ್ತಾರೋ ಇಲ್ಲೋ, ಮುಟ್ಟಿ ನೋಡ್ರಿ."

ಕಿಸೆಗೆ ಕೈ ಹಾಕಿದರೆ ಎಣ್ಣೆ ಕುಡಿದ ಪೇಪರು, ಪೇಪರಿನೊಳಗೆ ಅರ್ಧ ಮಿರ್ಚಿ ಭಜಿ. ಇಷ್ಟು ಸುಲಭದ ಪರೀಕ್ಷೆ ಯಾವ ಜ್ಞಾನಿಗೂ ಬಂದಿರಲಿಕ್ಕಿಲ್ಲ. ಪಾಪ ಎನಿಸಿತು. ಭಜಿಯನ್ನು ಮೆಲ್ಲಗೆ ಕಿಸೆಯ ತಳಕ್ಕೆ ದೂಡಿ, "ಮಸುಕ ಮಸುಕ ಕಾಣಾಕತ್ತೈತ್ರಿ," ಎಂದೆ. ಆ ಗಂಡ ಈಗ ಕರ್ಚೀಫಿನ ಅಂಚು ಹೊಲಿಸಲೂ ಅಷ್ಟು ದೂರದಿಂದ ನನ್ನ ಹತ್ತಿರವೇ ಬರುತ್ತಾನೆ.

ಅಳತೆ ಕುಪ್ಪಸ

ಇನ್ನು ಮಗಳ ವಿಷಯ. ಬಸವನ ಬಾಗೇವಾಡಿಯಿಂದ ಗಂಡು ಬಂದಿತ್ತು. ಹುಡುಗ ಒಪ್ಪಿದ. ಮಗಳೂ ಒಪ್ಪಿದಳು, ಅವನ ಹೆಸರು ಬಂದರೆ ಸಾಕು, ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಓಡುತ್ತಿದ್ದಳು. ಒಪ್ಪಬೇಕಾದವರು ಹುಡುಗನ ತಾಯಿ ಒಬ್ಬರೇ. ಅವರಿಗೆ ನಿಡಗುಂದಿಯ ಒಬ್ಬ ಅಜ್ಜನ ಮೇಲೆ ಪೂರ್ತಿ ಭರವಸೆ. ಗಂಟು ಬಿಚ್ಚದೆ, ಮೇಲೆ ಕೈಯಿಟ್ಟೇ ಒಳಗಿನ ವಸ್ತು ಯಾರದೋ ಅವರ ಗುಣ ಹೇಳುತ್ತಾನಂತೆ.

"ಹುಡುಗಿ ಹಾಕ್ಕೊಂಡ ಕುಬಸ ಒಂದು ಕೊಡ್ರಿ, ತೋರಿಸ್ಕೊಂಡು ಬರ್ತೇನಿ," ಎಂದರು. ಹುಡುಗಿಯನ್ನು ಇನ್ನೂ ಒಪ್ಪಿರದಿದ್ದರೂ, ಬೀಗ ದರ್ಜಿ ಎಂಬ ಖುಷಿಗೆ, ಮದುವೆಗೆ ತಮಗೂ ಒಂದು ಹೊಲಿಯಿರಿ ಎಂದು ತಮ್ಮ ಹಳೆಯ ಕುಪ್ಪಸವನ್ನು ಅಳತೆಗೆ ಕೊಟ್ಟರು. ಬಟ್ಟೆ ಯಾವುದಿದ್ದರೂ ಪೇಪರಿನಲ್ಲಿ ಸುತ್ತಿ ದಾರ ಕಟ್ಟುವುದು ನನ್ನ ಅಂಗಡಿಯ ಪದ್ಧತಿ. ಅದನ್ನೂ ಮಗಳ ಕುಪ್ಪಸವನ್ನೂ ಬೇರೆ ಬೇರೆ ಕಟ್ಟಿ, ಒಂದನ್ನು ಕಪಾಟಿಗೆ ಹಾಕಿ, ಇನ್ನೊಂದನ್ನು ಅವರ ಕೈಗಿಟ್ಟೆ.

ನಾಲ್ಕು ದಿನಕ್ಕೆ ಹುಡುಗನ ತಂದೆ ತಾಯಿ ಇಬ್ಬರೂ ಅಂಗಡಿಗೆ ಬಂದರು. ಮಗಳು ಅಂಗಡಿಗೂ ಹಿಂದಿನ ಮನೆಗೂ ನಡುವಿನ ಪರದೆಯ ಹಿಂದೆ ನಿಂತಳು. ಹುಡುಗನ ತಾಯಿ ಗಂಟನ್ನು ಯಂತ್ರದ ಮೇಲೆ ಇಟ್ಟರು.

"ತಪ್ಪು ತಿಳೀಬ್ಯಾಡ್ರಿ. ಅಜ್ಜಾರು ಬ್ಯಾಡಂದ್ರು. 'ಈಕಿ ಹಟಮಾರಿ, ಬಾಯಿ ಜೋರು. ಗಂಡನ್ನ ಮುಷ್ಟ್ಯಾಗ ಇಟ್ಕೊಂತಾಳ, ಅತ್ತಿಗೆ ಒಂದ ದಿನಾ ನೆಮ್ಮದಿ ಕೊಡಂಗಿಲ್ಲ' ಅಂದ್ರು. ಅವರ ಮಾತು ಇಲ್ಲೀತನಕ ಸುಳ್ಳಾಗಿಲ್ರಿ."

ಪರದೆಯ ಹಿಂದೆ ಬಳೆಯ ಸದ್ದು ನಿಂತಿತು. ನನಗೆ ಅಳು ಬರುವುದೊಂದು ಬಾಕಿ. ಏನು ಮಾಡಲೂ ತೋಚದೆ ಗಂಟಿನ ದಾರ ಬಿಚ್ಚಿದೆ. ಒಳಗಿದ್ದದ್ದು ಕೆಂಪು ಅಂಚಿನ ಇಳಕಲ್ ಕುಪ್ಪಸ. ನನ್ನ ಮಗಳದಲ್ಲ.

ಬೀಗತಿ ಬಗ್ಗಿ ನೋಡಿದರು. "ಇದು... ನಂದು."

ಅಜ್ಜನ ಮಾತು ಖರೆ ಎಂದರೆ ಆ ಗುಣಗಳೆಲ್ಲ ಬೀಗತಿಯವೇ ಆಗುತ್ತವೆ. ಸುಳ್ಳು ಎಂದರೆ ಹುಡುಗಿಯನ್ನು ಬೇಡ ಎನ್ನಲು ಕಾರಣವೇ ಉಳಿಯುವುದಿಲ್ಲ. ಬೀಗತಿ ಒಂದು ಗಳಿಗೆ ಯೋಚಿಸಿದರು. ಕೊನೆಗೆ ಧಡಕ್ಕನೆ ಎದ್ದು, "ಆ ಅಜ್ಜ ಖೊಟ್ಟಿ ಅದಾನ! ಮುಹೂರ್ತ ನೋಡ್ರಿ," ಎಂದವರೇ ಪರದೆ ಸರಿಸಿ ಸೊಸೆಯ ಹತ್ತಿರ ಹೋದರು.

ಅಲ್ಲಿಯವರೆಗೂ ಬಾಯಿ ಬಿಡದಿದ್ದ ಬೀಗರು ಆ ಕುಪ್ಪಸವನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟರು. ಪರದೆಯ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಅಂದರು:

"ಅಜ್ಜಾರು ಖರೇನ ಹೇಳ್ಯಾರ್ರಿ. ನಮಗ ಮೂವತ್ತು ವರ್ಷ ತಡಾ ಆತು, ಅಷ್ಟ."