ಹಿಂದೆ ನಿಲ್ಲುವ ಮಾವ

ನಮ್ಮ ಸೋದರಮಾವನಿಗೊಂದು ಕಾಯಿಲೆಯಿದೆ. ಯಾರಾದರೂ ಭಾರ ಎತ್ತುತ್ತಿರುವುದು ಕಂಡರೆ ಸಾಕು, ಹೋಗಿ ಅವರ ಹಿಂದೆ ನಿಂತುಬಿಡುತ್ತಾರೆ! ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವವರು ಊರ ತುಂಬ ಇದ್ದಾರೆ. ಹಿಂದೆ ನಿಲ್ಲುವುದಕ್ಕೆಂದೇ ಬೆಳಗ್ಗೆ ಐದೂವರೆಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೊರಡುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇದಕ್ಕೆಲ್ಲ ಮೂಲ ಬಸ್ಸು. ಮಾವ ಮೂವತ್ತು ವರ್ಷ ಮಧುಗಿರಿ–ಪಾವಗಡ ದಾರಿಯಲ್ಲಿ ಕಂಡಕ್ಟರಾಗಿದ್ದವರು. ಬಸ್ಸು ರಿವರ್ಸ್ ತೆಗೆಯುವಾಗಲೆಲ್ಲ ಇಳಿದು ಹಿಂದೆ ನಿಂತು “ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!” ಎಂದು ಕೂಗಿ ಅಭ್ಯಾಸವಾಗಿಹೋಗಿತ್ತು. ನಿವೃತ್ತಿಯಾದ ಮೇಲೆ ಹಿಂದೆ ನಿಲ್ಲಲು ಬಸ್ಸೇ ಇಲ್ಲ! ಒಂದೆರಡು ತಿಂಗಳು ಹಟ್ಟಿಯ ಎಮ್ಮೆಗೇ ಸೀಟಿ ಹೊಡೆದು ದಾರಿ ತೋರಿಸುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ಎಮ್ಮೆ ಒಂದು ದಿನವೂ ಕೇಳಲಿಲ್ಲವಂತೆ.

ಅಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಬಂತು. ಕಚೇರಿಯಲ್ಲಿ ಕೂತು ಕೂತು ಬಂದದ್ದನ್ನು ಮೈ ಬಗ್ಗಿಸಿ ಕಳೆಯಬೇಕೆಂದರು ಡಾಕ್ಟರು. ಮಧುಗಿರಿ ಬೆಟ್ಟದ ಬುಡದಲ್ಲಿ ಹೊಸದಾಗಿ ಜಿಮ್ಮೊಂದು ಶುರುವಾಗಿತ್ತು. ನಲವತ್ತು ದಾಟಿದ ಹೊಟ್ಟೆ ಹೊತ್ತುಕೊಂಡು ಒಬ್ಬನೇ ಹೋಗಲು ನಾಚಿಕೆಯಾಗಿ ಮಾವನನ್ನು ಜೊತೆಗೆ ಕರೆದುಕೊಂಡು ಹೋದೆ. ಅಲ್ಲಿ ಬೆಂಚಿನ ಮೇಲೆ ಮಲಗಿ ರಾಡು ಎತ್ತುವವನ ತಲೆಯ ಹಿಂದೆ ಇನ್ನೊಬ್ಬ ನಿಂತಿದ್ದ.

“ಅವನೇನ್ ಮಾಡ್ತಾವ್ನೆ?” ಮಾವ ಟ್ರೈನರನ್ನು ಕೇಳಿದರು.

“ಸಪೋರ್ಟ್ ಸಾರ್. ಎತ್ತೋನಿಗೆ ಆಗ್ದೇ ಹೋದ್ರೆ ಹಿಡ್ಕೊಳ್ಳೋಕೆ.”

ಮಾವನ ಕಣ್ಣು ಹೊಳೆಯಿತು. ಸ್ಪಾಟರ್ ಅನ್ನುವ ಹೆಸರು ಅವರಿಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಹುದ್ದೆಗೆ ಅಂದೇ ಸೇರಿಬಿಟ್ಟರು!

ಮೊದಲ ಬಲಿ ನಾನೇ. ಎದೆಯ ಮೇಲಿಂದ ರಾಡು ಮೇಲೇಳುತ್ತಿದ್ದಂತೆ “ಬರ್ಲಿ, ಬರ್ಲಿ” ಶುರುವಾಯಿತು. ಹುರುಪಿನಿಂದ ಎತ್ತುತ್ತಿದ್ದೆ. ಪೂರ್ತಿ ಮೇಲೆ ಹೋಗುವ ಮುಂಚೆಯೇ “ಹೋಲ್ಡಾನ್!” ಅಂದರು. ನಾನು ನಡುವೆಯೇ ನಿಂತೆ. ತೋಳುಗಳು ಥರಥರ.

“ಯಾಕ್ಲಾ ನಿಂತ್ಕಂಡೆ?”

“ಹೋಲ್ಡಾನ್ ಅಂದೆಯಲ್ಲ ಮಾವ!”

“ಅಯ್ಯೋ, ಬಾಯಿಗೆ ಬಂದ್ಬುಡ್ತು ಕಣ್ಲಾ! ನೀನು ಹೋಗು, ಹೋಗು!”

ಆಮೇಲೆ ಸುಧಾರಿಸಿದರು. ತಾವೇ ಒಂದು ಶಾಸ್ತ್ರ ಮಾಡಿಕೊಂಡು ಹೊಸಬರಿಗೆಲ್ಲ ಉಪದೇಶಿಸತೊಡಗಿದರು. “ಎಷ್ಟು ಸಲ ಎತ್ತೀಯಾ ಅಂತ ಮೊದ್ಲೇ ಕೇಳ್ಕಬೇಕು. ರಾಡು ಮೇಲಕ್ಕೆ ಹೋಗ್ತಿರೋವರ್ಗೂ ಬೆರಳೂ ಸೋಕಿಸ್ಬಾರ್ದು. ನಿಂತೋಯ್ತೋ, ಕೇಳ್ಕಂಡು ಕೂರ್ಬಾರ್ದು, ಹಿಡ್ಕಬೇಕು. ನಡುವೆ ಯಮನೇ ಫೋನ್ ಮಾಡಿದ್ರೂ ಎತ್ಬಾರ್ದು!”

ಲೆಕ್ಕದಲ್ಲಂತೂ ದಾಕ್ಷಿಣ್ಯವೇ ಇಲ್ಲ. ನಿಡುಗಲ್ ಕಡೆಯ ಹುಡುಗನೊಬ್ಬ ವಿಡಿಯೋ ಮಾಡಿಸಿಕೊಳ್ಳುತ್ತ, “ಪದಿ ಕೊಟ್ಟಾನು, ಚೂಡು ಮಾವಾ!” ಎಂದು ಹತ್ತು ಸಲ ಎತ್ತಿದ್ದನ್ನು ತೆಲುಗಿನಲ್ಲಿ ಕೊಚ್ಚಿಕೊಂಡ. ಪಾವಗಡದ ಬಸ್ಸಿನಲ್ಲಿ ಮೂವತ್ತು ವರ್ಷ ಇದ್ದವರಿಗೆ ತೆಲುಗು ಹೇಳಿಕೊಡಬೇಕೆ? “ಏಡು ನೀವಿ, ಮೂಡು ನಾವಿ!” ಅಂದರು. ಏಳು ನಿನ್ನವು, ಮೂರು ನನ್ನವು! ಅದೂ ವಿಡಿಯೋದಲ್ಲಿ ಸೇರಿಕೊಂಡಿತು. ಹುಡುಗ ಇನ್ನೊಮ್ಮೆ ಮಲಗಬೇಕಾಯಿತು.

ಕಾಯಿಲೆ ಮನೆಗೂ ಹಬ್ಬಿತು. ಅತ್ತೆ ರಾಗಿಮೂಟೆ ಜರುಗಿಸುವಾಗ ಮಾವ ಹಿಂದೆ ಹೋಗಿ, ಎರಡೂ ಕೈ ಚಾಚಿಕೊಂಡು ನಿಂತರು.

“ಇಂಗೆ ಹಿಂದೆ ನಿಂತ್ಕಂಡು ಕೈ ಆಡ್ಸೋ ಬದ್ಲು ಒಂದ್ ಕೈ ಹಿಡೀಬಾರ್ದಾ?”

“ನೀನೇ ಎತ್ತಿದ್ರೆ ನಿಂಗೇ ಕಣೇ ಶಕ್ತಿ ಬರೋದು!”

ಅಂದು ಮಧ್ಯಾಹ್ನ ಮಾವನ ಮುಂದೆ ಖಾಲಿ ತಟ್ಟೆ. ಮುದ್ದೆಯ ಪಾತ್ರೆ ಒಲೆಯ ಮೇಲೆ. ಅತ್ತೆ ಅವರ ಬೆನ್ನ ಹಿಂದೆ ಕೈ ಚಾಚಿಕೊಂಡು ನಿಂತಿದ್ದರು. “ಹೂಂ, ನೀನೇ ಬಡಿಸ್ಕೊ. ಶಕ್ತಿ ಬತ್ತದೆ!”

ನಾನೂ ನಗುತ್ತಿದ್ದೆ. ಆದರೆ ಜಿಮ್ಮಿನಲ್ಲಿ ಎಲ್ಲರೂ ನಗತೊಡಗಿದಾಗ ನನಗೆ ಅವಮಾನವೆನಿಸಿತು. ಒಂದು ದಿನ ಹೇಳಿಯೇಬಿಟ್ಟೆ: “ಮಾವ, ಇವತ್ತು ನೀನು ನಿಲ್ಬೇಡ. ನಾನೇನ್ ಎಳೆ ಮಗುವಾ?”

ಮಾವನ ಮುಖ ಸಣ್ಣದಾಯಿತು. “ಆಯ್ತು ಬುಡಪ್ಪ” ಎಂದು ಸರಿದು ಹೋದರು. ನಾನು ಪಕ್ಕದಲ್ಲಿದ್ದ ಒಬ್ಬನಿಗೆ ಸಪೋರ್ಟ್ ಕೊಡಲು ಹೇಳಿ, ಜಂಬಕ್ಕೆ ಐದು ಕೆಜಿ ಹೆಚ್ಚೇ ಹಾಕಿಕೊಂಡು ಮಲಗಿದೆ. ಆರು ಸಲ ಎತ್ತಿದೆ. ಏಳನೆಯ ಸಲ ರಾಡು ಎದೆಯ ಮೇಲೆ ಇಳಿದದ್ದು ಮೇಲೇಳಲೇ ಇಲ್ಲ! ಕೂಗಲು ಉಸಿರಿಲ್ಲ. ಕಣ್ಣು ಮೇಲೆತ್ತಿದರೆ, ಸಪೋರ್ಟಿನವನು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದಾನೆ. ರಾಡು ಕುತ್ತಿಗೆಯತ್ತ ಜಾರತೊಡಗಿತು.

ಅಷ್ಟರಲ್ಲಿ ಎರಡು ಮುದಿ ಕೈಗಳು ಬಂದು ರಾಡನ್ನು ಹಿಡಿದವು. ನಾನು ಬೈದ ಮೇಲೂ ಮಾವ ಹೋಗಿರಲೇ ಇಲ್ಲ. ಎರಡೇ ಹೆಜ್ಜೆ ಹಿಂದೆ ನಿಂತಿದ್ದರು!

ರಾಡನ್ನು ಸ್ಟ್ಯಾಂಡಿಗೆ ಸೇರಿಸಿದರು. ನಾನು ಎದ್ದು ಕೂತು ಬೈಗುಳಕ್ಕೆ ಕಾದೆ. ಅವರು ನನ್ನ ಎದೆ ಸವರಿ ನೋಡಿ, “ಆರು ನಿಂದೇ ಕಣ್ಲಾ, ಚೆನ್ನಾಗಿದ್ವು. ಮನೆಗೋಗಿ ಎಣ್ಣೆ ಹಚ್ಕೊ” ಅಂದರು. ಅಷ್ಟೇ! ಇಂಥವರಿಗೆ ಕೃತಜ್ಞತೆ ಹೇಳುವುದಾದರೂ ಹೇಗೆ? ಮರುದಿನ ಮಲಗುವ ಮುನ್ನ ನಾನೇ ಕೂಗಿದೆ: “ಮಾವ, ಬಾ. ಎಂಟು ಎತ್ತುತ್ತೀನಿ.”

ಹೋದ ವರ್ಷ ನನಗೆ ಮಗಳು ಹುಟ್ಟಿದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಅದೂ ದಿನ ತುಂಬದೆ ಏಳೇ ತಿಂಗಳಿಗೆ. ತುಮಕೂರಿನ ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೂರು ವಾರ ನಾವು ಗಾಜಿನ ಆಚೆಯಿಂದಲೇ ನೋಡಿದೆವು. ಕೊನೆಗೊಂದು ಬೆಳಗ್ಗೆ ನರ್ಸು ಅವಳನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, “ತಗೊಳ್ಳಿ” ಎಂದು ನನ್ನತ್ತ ಚಾಚಿದರು. ಎರಡು ಕೆಜಿಯೂ ಇರದ ಜೀವ. ನನ್ನ ಕೈ ಮುಂದೆ ಬರಲಿಲ್ಲ. ಬಿಟ್ಟುಬಿಟ್ಟರೆ?

ಹಿಂದಿನಿಂದ ಎರಡು ಕೈಗಳು ಬಂದು ನನ್ನ ಮೊಣಕೈಗಳ ಕೆಳಗೆ ನಿಂತವು. ಮುಟ್ಟಲಿಲ್ಲ.

ನಾನು ಮಗಳನ್ನು ಎತ್ತಿಕೊಂಡೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. “ಮಾವನ ಕೈಗೂ ಕೊಡಿ” ಅಂದಳು ಹೆಂಡತಿ. ತಿರುಗಿದರೆ, ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒರಗಿದ್ದರು. ಮಾವ–ಅತ್ತೆಗೆ ಮಕ್ಕಳಾಗಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

“ಬ್ಯಾಡ ಕಣ್ಲಾ. ನನ್ ಕೈ ಒರಟು. ಅಭ್ಯಾಸ ಇಲ್ಲ ನಂಗೆ.”

ನಾನು ಬಿಡಲಿಲ್ಲ. ಆ ಕೈಗಳನ್ನು ಮುಂದಕ್ಕೆಳೆದು, ಅಗಲಿಸಿ, ಮಗಳನ್ನು ಮಲಗಿಸಿದೆ. ಮಾವ ಉಸಿರು ಬಿಗಿಹಿಡಿದರು.

“ಎಲ್ಲಿದ್ದೀಯಲಾ?” ಮಗುವಿನ ಮೇಲಿಂದ ಕಣ್ಣು ಕೀಳದೆಯೇ ಕೇಳಿದರು.

“ಇಲ್ಲೇ ಮಾವ,” ಅಂದೆ, ಅವರ ಹಿಂದೆ ಹೋಗಿ ನಿಂತು.