ಮಾವ ಹಾಕಿಸಿದ ಬ್ಯಾನರ್

ನಮ್ಮ ಮಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು! ನಾಲ್ಕು ಬೈದು, ಬಾಗಿಲು ಹಾಕಿಕೊಂಡು ಮರೆತುಬಿಡಬಹುದಿತ್ತು. ಒಳ್ಳೆಯವರು ಮಾಡುವ ಅನಾಹುತಕ್ಕೆ ಏನು ಮಾಡೋದು ಹೇಳಿ? ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಮಿಳುನಾಡಿನಲ್ಲೇ ಓದಿ ಬೆಳೆದ ನಾನೂ ಮೊಬೈಲ್ ನೋಡಿಕೊಂಡೇ ಕನ್ನಡ ಅಕ್ಷರ ಕಲಿತವನು. ಅವನು ಓದಲಾರ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಾವ ಅಂದರೆ ಅಮ್ಮನ ತಮ್ಮ. ಪೆನ್ನಾಗರಂ ಕಡೆ ಮೇಕೆ ವ್ಯಾಪಾರ. ಅಲ್ಲಿನ ಮೇಕೆ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ಹಾಗಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ಹೇಳಬೇಕು. ಒಪ್ಪಿಗೆಯಾದರೆ ಕೈ ಕುಲುಕುತ್ತಾರೆ. ಕುಲುಕಿದ ಮೇಲೆ ಮೇಕೆ ಅಲ್ಲೇ ಸತ್ತುಬಿದ್ದರೂ ಮಾತು ಬದಲಾಗದು!

ಡಿಗ್ರಿ ಮುಗಿದ ಮೇಲೆ ನನ್ನ ಮೊದಲ ಇಂಟರ್‌ವ್ಯೂ ಓಮಲೂರಿನ ಒಂದು ಸಬ್ಬಕ್ಕಿ ಫ್ಯಾಕ್ಟರಿಯಲ್ಲಿ, ಲ್ಯಾಬ್ ಕೆಲಸಕ್ಕೆ. ವಾಪಸ್ಸು ಬಂದು ಬಸ್ ಇಳಿದರೆ ಮಾವ ಎದುರಿಗೇ ನಿಂತಿದ್ದ.

"ಏನಂದ್ರುಲಾ?"

"ಫೋನ್ ಮಾಡ್ತೀವಿ ಅಂದ್ರು ಮಾವ."

"ಕೈ ಕುಲುಕುದ್ರಾ?"

"ಊಂ, ಬರೋವಾಗ ಮ್ಯಾನೇಜರ್ ಕುಲುಕುದ್ರು."

"ಅಂಗಾದ್ರೆ ಮುಗೀತಲ್ಲಲೇ!"

ಏನು ಮುಗಿಯಿತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಎರಡು ದಿನಕ್ಕೆ ಊರಿನ ಮುಕ್ಕಾಲು ಜನ ಓಡಾಡುವ ಕೂಡುರಸ್ತೆಯಲ್ಲಿ ಹತ್ತಡಿ ಫ್ಲೆಕ್ಸ್ ಎದ್ದಿತ್ತು. ಕೆಲಸಕ್ಕೆ ಸೇರಿದ ನಮ್ಮ ತಂಗಕ್ಕೆ ವಾಳ್ತುಕ್ಕಳ್, ಅಂದರೆ ನಮ್ಮ ಬಂಗಾರಕ್ಕೆ ಅಭಿನಂದನೆ, ಅಂತ ದಪ್ಪ ತಮಿಳಕ್ಷರ. ನನ್ನದು ಹಾಲ್ ಟಿಕೆಟ್ಟಿನ ಫೋಟೋ. ಪಕ್ಕದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಮಾವ, ನನ್ನ ಎರಡರಷ್ಟು! ಹಿಂದೆ ಒಂದು ಟಗರು. ಕೆಲಸ ಸಿಕ್ಕಿದ್ದು ಯಾರಿಗೆ? ಮೂವರಲ್ಲಿ ಟಗರೇ ಹೆಚ್ಚು ಓದಿದ ಹಾಗೆ ಕಾಣುತ್ತಿತ್ತು.

ಫೋನ್ ಬರಲಿಲ್ಲ. ಬ್ಯಾನರ್ ಇಳಿಯಲಿಲ್ಲ. "ಏನ್ ತಂಬಿ, ಇವತ್ತೂ ಲೀವಾ?" ಎಂದು ಟೀ ಅಂಗಡಿಯವರು ದಿನಾ ಕೇಳೋರು. ಸೇರಿದ ಹದಿನೈದು ದಿನವೂ ಲೀವ್ ಕೊಡುವ ಕಂಪನಿ ಯಾವುದು ಸ್ವಾಮಿ? ಕೂಡುರಸ್ತೆ ಬಿಟ್ಟು ಕೆರೆ ಏರಿ ಮೇಲೆ ಸುತ್ತಿಕೊಂಡು ಓಡಾಡಿದೆ. ಮೂರು ವರ್ಷ ಓದಿ ನಾನು ಗಳಿಸಿದ್ದು ಆ ದಾರಿ ಒಂದೇ!

ಅಷ್ಟಕ್ಕೇ ಬಿಟ್ಟನಾ? ಒಂದು ಸಂಜೆ ಬಂದು ಎದೆಯುಬ್ಬಿಸಿ ಕೂತ. "ಓಮಲೂರಿಗೆ ಓಗಿದ್ದೆ ಕಣ್ಲಾ. ಗೇಟಲ್ಲೇ ಕೂತ್ಕಂಡು ಮ್ಯಾನೇಜರ್ ಕಾರ್ ನಿಲ್ಸುದೆ. ಕೈ ಕುಲುಕಿ ಮಾತು ತಪ್ತೀರಲ್ಲ, ನ್ಯಾಯಮಾ ಸಾರ್? ನಾಕು ದಿನ ಕಟ್ಟಾಕ್ಕಂಡು ನೋಡಿ. ಮೇವು ತಿನ್ನಲಿಲ್ಲ ಅಂದ್ರೆ ನಾನೇ ವಾಪಸ್ ಒಡ್ಕಂಡೋಯ್ತೀನಿ ಅಂದೆ."

ನಾನು ಕೂತಲ್ಲಿಂದ ಎದ್ದೆ. "ಅದ್ಕವ್ರು ಏನಂದ್ರು?"

"ನಗ್ತಾ ಕೈ ಕುಲುಕುದ್ರು!"

ಮರುದಿನ ಬೆಳಿಗ್ಗೆ ಫೋನ್ ಬಂತು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರಂತೆ.

ಮಾವ ಆಗ ನಮ್ಮನೆಯಲ್ಲೇ ಕಾಫಿ ಕುಡಿಯುತ್ತಿದ್ದ. ನಾನು ನೇರ ಕೂಡುರಸ್ತೆಗೆ ಓಡಿ, ಹಗ್ಗ ಕಿತ್ತು, ಬ್ಯಾನರ್ ಎಳೆದುಕೊಂಡು ಬಂದು ಅವನ ಕಾಲ ಬಳಿ ಬಿಸಾಡಿದೆ. "ನಾನೇನು ನೀನು ಸಾಕಿದ ಮೇಕೆನಾ? ಇನ್ಮೇಲೆ ನನ್ ಇಸ್ಯಕ್ಕೆ ಬರ್ಬೇಡ!"

ಮಾವ ಲೋಟ ಕೆಳಗಿಟ್ಟ. ಫ್ಲೆಕ್ಸ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ದಿನಾ ಕಾಫಿಗೆ ಬರುವವನು ಹತ್ತು ದಿನ ಬರಲಿಲ್ಲ. ಬರದಿದ್ದರೇನಂತೆ! ಆದರೆ ಅಮ್ಮ ಅವನ ಲೋಟ ತೊಳೆದು ಅಲ್ಲೇ ಇಡುತ್ತಿದ್ದಳು. ಹನ್ನೊಂದನೇ ದಿನ ಸಾರಿನ ಡಬ್ಬಿ ನನ್ನ ಕೈಗೆ ತುರುಕಿ, "ಓಗು" ಅಂದಳು.

ಮಾವನ ಮೇಕೆ ಕೊಟ್ಟಿಗೆಗೆ ಬಗ್ಗಿ ನುಗ್ಗಿ ತಲೆಯೆತ್ತಿದರೆ, ನನ್ನ ಮುಖವೇ ನನ್ನನ್ನು ನೋಡುತ್ತಿತ್ತು! ಬ್ಯಾನರನ್ನು ಸೂರಿಗೆ ಹೊದಿಸಿದ್ದ, ಚಿತ್ರ ಒಳಗಡೆಗೆ ಮಾಡಿ.

"ಮೇಲ್ಮಕ ಆಕುದ್ರೆ ಬಿಸ್ಲಿಗೆ ನಿನ್ ಮಕ ಅಳಿಸೋಯ್ತದಲ್ಲಲಾ," ಅಂದ ಮಾವ, ಮೂಲೆಯಲ್ಲಿ ಒಂದು ಮರಿಗೆ ಮೇವು ಹಾಕುತ್ತಾ.

ಡಬ್ಬಿ ಕೆಳಗಿಟ್ಟು, "ನಾಳೆ ಧರ್ಮಪುರಿಲಿ ಇನ್ನೊಂದು ಇಂಟರ್‌ವ್ಯೂ ಐತೆ ಮಾವ," ಅಂದೆ.

ಅವನು ಮರಿಯ ಕಿವಿ ಸವರಿದ. ಆಮೇಲೆ, "ಅವ್ರು ಕೈ ಕುಲುಕುದ್ರೆ ನಂಬ್ಬೇಡ ಕಣ್ಲಾ," ಅಂದ.

ಬದುಕೆಲ್ಲ ಬರೀ ಕೈ ನಂಬಿ ಮೇಕೆ ಕೊಟ್ಟವನು! ಅವನ ಬಾಯಲ್ಲಿ ಆ ಮಾತು ಬಂತಲ್ಲ ಅಂತ ಮತ್ತೆ ಸಿಟ್ಟು ಏರಿತು. ಈ ಸಲ ಮಾವನ ಮೇಲಲ್ಲ.

ನಾನೇ ಕೈ ಚಾಚಿದೆ. ಅಭ್ಯಾಸಬಲ, ಹೆಗಲ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಮುಚ್ಚಿದ. ಒಳಗೆ ನನ್ನ ಐದು ಬೆರಳನ್ನೂ ಒಟ್ಟಿಗೆ ಬಿಗಿಯಾಗಿ ಹಿಡಿದುಕೊಂಡ. ಸಂತೆಯಲ್ಲಿ ಅದಕ್ಕೆ ಎಷ್ಟು ಬೆಲೆಯೋ, ನಾನಿನ್ನೂ ಕೇಳಿಲ್ಲ.