ತೊಂಬತ್ತನಾಲ್ಕು ಅಂಕದ ಸಾಫ್ಟ್‌ವೇರ್

ಟಿಕ್! ಊಟದ ಮೇಜಿನ ಮೇಲೆ ಕ್ಯಾಮೆರಾ ಸದ್ದು ಮಾಡಿತು. ಮಗಳು ಆಟಿಕೆ ಇಟ್ಟಿಗೆಯ ಊರಿನಲ್ಲಿ ಬೆಂಕಿ ಆರಿಸುವ ವೀರನ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಟಿಕ್! ಇಂಥ ಸಾವಿರ ಟಿಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ, ಗೊಂಬೆಗಳೇ ಓಡಾಡುವ ಒಂದೂವರೆ ನಿಮಿಷದ ಸಿನಿಮಾ. ಅಂದು ಸಂಜೆ ಆರರೊಳಗೆ ಶಾಲೆಗೆ ಕಳಿಸದಿದ್ದರೆ ಪ್ರದರ್ಶನದಲ್ಲಿ ಜಾಗವಿಲ್ಲ.

ವೀರ ಹಾರಲೆಂದು ಅವಳ ಅಮ್ಮ, ಹಲ್ಲಿನ ಡಾಕ್ಟರು, ಹಲ್ಲಿನ ಸಂದು ತೀಡುವ ದಾರದಲ್ಲಿ ಅವನನ್ನು ನೇತುಹಾಕಿದ್ದಳು. ಚಿತ್ರದಲ್ಲಿ ದಾರ ಎದ್ದು ಕಾಣುತ್ತಿತ್ತು.

“ಅದನ್ನ ಅಳಿಸೋದು ನನಗೆ ಬಿಡಿ!” ಎಂದು ಗಣಿತದ ಮೇಷ್ಟ್ರಾದ ಅಪ್ಪ ಎದೆ ತಟ್ಟಿ ಹದಿನೈದು ದಿನವಾಗಿತ್ತು. ಅಂದಿನಿಂದ ಚಿತ್ರ ತಿದ್ದುವ ಒಂಬತ್ತು ಸಾಫ್ಟ್‌ವೇರ್‌ಗಳಿಗೆ ಪರೀಕ್ಷೆ ನಡೆಸಿ, ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದರು. ಎರಡಕ್ಕೆ ಸಮ ಅಂಕ ಬಂದಾಗ ಮರುಮೌಲ್ಯಮಾಪನವೂ ಆಯಿತು!

“ರೀ, ಗಂಟೆ ಐದು. ರಿಸಲ್ಟ್ ಯಾವಾಗ?”

“ಬಂತು ಕಣೇ! ನೂರಕ್ಕೆ ತೊಂಬತ್ತನಾಲ್ಕು! ತೆಳ್ಳನೆ ಗೆರೆ ಎಲ್ಲಿ ಅಡಗಿದ್ರೂ ಹುಡುಕಿ ಅಳಿಸುತ್ತೆ.”

“ಮೊದಲು ಒಂದು ಚಿತ್ರಕ್ಕೆ ಮಾಡಿ ನೋಡಪ್ಪ,” ಎಂದಳು ಮಗಳು.

“ರ‍್ಯಾಂಕ್ ಬಂದವರನ್ನ ಮತ್ತೆ ಪರೀಕ್ಷೆಗೆ ಕೂರಿಸ್ತಾರೇನಮ್ಮ?”

ಮೇಷ್ಟ್ರು ಇಡೀ ಸಿನಿಮಾವನ್ನೇ ಆಯ್ದು ಗುಂಡಿ ಒತ್ತಿದರು. ದಾರ ಮಾಯ! ಮಗಳು ಕುಣಿದಳು. ಮರುಕ್ಷಣ ಪರದೆಗೆ ಮೂಗು ತಾಗಿಸಿ ಚೀರಿದಳು. ಗೊಂಬೆಗಳಿಗೆ ಬಾಯಿ ಎಂದರೆ ಒಂದೇ ಒಂದು ತೆಳ್ಳನೆ ಗೆರೆ. ಅದೂ ಹೋಗಿತ್ತು. ಊರಿಗೆ ಊರೇ ಬಾಯಿಲ್ಲದೆ ನಿಂತಿತ್ತು! ಅಳಿಸುವ ಮುಂಚಿನ ಪ್ರತಿಯನ್ನು ಮೇಷ್ಟ್ರು ಎಲ್ಲೂ ಇಟ್ಟಿರಲಿಲ್ಲ.

“ಹಲ್ಲಿಲ್ಲದವರಿಗೆ ಹಲ್ಲು ಕಟ್ಟಿ ಕೊಡ್ತೀನಿ. ಬಾಯೇ ಇಲ್ಲದವರಿಗೆ ಏನ್ರೀ ಮಾಡಲಿ?” ಎಂದಳು ಡಾಕ್ಟರಮ್ಮ.

ಮೇಷ್ಟ್ರ ಮುಖ ಸಪ್ಪಗಾಯಿತು. ಮಗಳು ತುಂಬಿದ ಕಣ್ಣಿನಲ್ಲೇ ಪರದೆಯ ಮೇಲಿನ ಗೊಂಬೆಗಳನ್ನು ದಿಟ್ಟಿಸಿದಳು. ಕಣ್ಣೊರೆಸಿಕೊಂಡು ಸಿನಿಮಾದ ಮೊದಲಿಗೆ ಒಂದು ಸಾಲು ಸೇರಿಸಿದಳು: ‘ಕೂಗಿ ಕರೆಯಲು ಬಾಯಿಲ್ಲದ ಊರಿಗೆ ಬೆಂಕಿ ಬಿತ್ತು. ಆದರೂ ಒಬ್ಬನಿಗೆ ಕೇಳಿಸಿತು.’

ಆರಕ್ಕೆ ಎರಡು ನಿಮಿಷವಿರುವಾಗ ಸಿನಿಮಾ ಹೊರಟಿತು.

ಪ್ರದರ್ಶನದ ದಿನ ಸಭಾಂಗಣ ಉಸಿರು ಬಿಗಿಹಿಡಿದು ನೋಡಿತು, ಆಮೇಲೆ ಚಪ್ಪಾಳೆಯ ಸುರಿಮಳೆ! ಹೆಡ್‌ಮಾಸ್ಟರು ಓಡೋಡಿ ಬಂದರು.

“ಬಾಯಿ ಅಳಿಸೋ ಯೋಚನೆ ಯಾರದು ಮರೀ?”

“ನಮ್ಮಪ್ಪಂದು ಸಾರ್! ಯೋಚನೆ ಮಾಡದೇ ಮಾಡಿದ್ರು.”

“ಭಲೇ ಮೇಷ್ಟ್ರೇ! ಮುಂದಿನ ವರ್ಷ ಎಲ್ಲ ಮಕ್ಕಳ ಸಿನಿಮಾನೂ ನಿಮ್ಮ ಕೈಗೇ ಕೊಟ್ಟು…”

ಮೇಷ್ಟ್ರು, ಪ್ರದರ್ಶನಕ್ಕೆಂದು ತಂದಿದ್ದ ಆಟಿಕೆ ಇಟ್ಟಿಗೆಯ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಗಲೇ ಬಾಗಿಲು ದಾಟಿದ್ದರು.